ಹೋಗೋದು ಸರಿ, ಬರೋದು ಹ್ಯಾಂಗ?

ಮಳೆಗಾಲ ಬಂತೆಂದರೆ ಭೀಮರಾಯನಗುಡಿಯ ಚಹಾದಂಗಡಿಗಳಲ್ಲಿ ಒಂದೇ ಮಾತು: "ಈ ಐತವಾರ ಎಲ್ಲರೂ ಕೂಡಿ ದಬದಬಿ ನೋಡಿ ಬರೋಣು ನಡೀರಿ." ರೊಟ್ಟಿ ಯಾರ ಮನೆಯದು, ಶೇಂಗಾ ಹಿಂಡಿ ಯಾರ ಮನೆಯದು, ಮಿರ್ಚಿ ಭಜಿ ಎಷ್ಟು ಕಟ್ಟಿಸಬೇಕು, ಎಲ್ಲಾ ಅರ್ಧ ತಾಸಿನಲ್ಲಿ ತೀರ್ಮಾನವಾಗುತ್ತದೆ. ತಿರುಗಿ ಬರುವ ಬಸ್ಸು ಎಷ್ಟಕ್ಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದವನಿಗೆ ಸಿಗುವ ಉತ್ತರ, "ಏ, ಏನರ ಸಿಗ್ತದ ಬಾರೋ ಮಾರಾಯಾ!"

ಈ 'ಏನರ ಸಿಗ್ತದ' ಎಂಬುದೇ ಎಲ್ಲ ಫಜೀತಿಯ ಮೂಲ.

ಜಲಪಾತ ಎಂದರೆ ಜೋಗ, ಗೋಕಾಕ ಅಷ್ಟೇ ಎಂದು ತಿಳಿದ ಕಾಲ ಹೋಯಿತು. 2009ರ ಡಿಸೆಂಬರ್ 30ರಂದು ಹುಟ್ಟಿದ ಈ ಯಾದಗಿರಿ ಜಿಲ್ಲೆಯಲ್ಲೇ, ಗುರುಮಠಕಲ್ ಕಡೆಯ ಗುಡ್ಡಗಾಡಿನಲ್ಲಿ ಎರಡು ಜಲಪಾತಗಳಿವೆ. ನಜರಾಪುರದ ದಬದಬಿ ಒಂದು. ಹೆಸರಿನಲ್ಲೇ ನೀರಿನ ಸಪ್ಪಳ ಇದೆ. ಇನ್ನೊಂದು ಚಿಂತನಹಳ್ಳಿಯದು. ಅಲ್ಲಿ ಗವಿಯೊಳಗೆ ಸಿದ್ಧಲಿಂಗೇಶ್ವರ, ಗವಿಯ ಮುಂದೆ ಬೀಳುವ ನೀರು. ನೋಡಬೇಕೆನ್ನುವ ಭಕ್ತರಿಗೂ ಸೈ, ನೆನೆಯಬೇಕೆನ್ನುವ ಹುಡುಗರಿಗೂ ಸೈ. ಆದರೆ ಇವು ಮಳೆಯ ಜಲಪಾತಗಳು. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ನೋಡಿ ಬರಬೇಕು. ಆದ್ದರಿಂದಲೇ ಆ ನಾಲ್ಕು ತಿಂಗಳಲ್ಲಿ ಜನ ಮುಗಿಬೀಳುವುದು.

ಭೀಮರಾಯನಗುಡಿಯ ಜನ ನೀರು ಕಾಣದವರಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲನಿಯೇ ಈ ಊರಿನ ಗುರುತು. ಆದರೆ ಇಲ್ಲಿಯವರು ಕಂಡದ್ದು ಗೇಟಿನ ನೀರು. ನಾರಾಯಣಪುರದ ಬಸವಸಾಗರದಿಂದ ಕಾಲುವೆಗೆ ನೀರು ಬಿಡಬೇಕೆಂದರೆ ಮೊದಲು ಸಭೆ ಆಗುತ್ತದೆ, ತಾರೀಖು ಗೊತ್ತಾಗುತ್ತದೆ, ಪೇಪರಿನಲ್ಲಿ ಸುದ್ದಿ ಬರುತ್ತದೆ. ವಾರಾಬಂದಿ ಎಂದರೆ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಹಳ್ಳದ ನೀರಿಗೆ ಗೇಟೂ ಇಲ್ಲ, ಗೇಟ್ ಕಾಯುವವನೂ ಇಲ್ಲ. ಮೇಲಿನ ಗುಡ್ಡದಲ್ಲಿ ಒಂದು ತಾಸು ಜೋರು ಮಳೆ ಹೊಡೆದರೆ, ಕೆಳಗೆ ಬಿಸಿಲಿನಲ್ಲಿ ಕುಂತು ರೊಟ್ಟಿ ತಿನ್ನುವವರಿಗೆ ಅದರ ನೋಟೀಸು ಕೊಡುವವರು ಯಾರು?

2024ರ ಜೂನ್ 30, ಅದೂ ಐತವಾರವೇ. ಮಹಾರಾಷ್ಟ್ರದ ಲೋಣಾವಳದಲ್ಲಿ ಭುಶಿ ಡ್ಯಾಂ ಹಿಂದಿನ ಜಲಪಾತ ನೋಡಲು ಹೋದ ಒಂದೇ ಕುಟುಂಬದ 5 ಮಂದಿ ಕೊಚ್ಚಿ ಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದವರನ್ನು ದಂಡೆಯ ಜನ ಕಣ್ಣಾರೆ ಕಂಡರು, ಕೈಗೆ ಎಟುಕಲಿಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ತುದಿಗೆ ನಿಂತು ವಿಡಿಯೋಗೆ ಮುಖ ಕೊಟ್ಟ ಯುವಕನೊಬ್ಬ ಕಾಲು ಜಾರಿ ಹೋದ. ಇವರಲ್ಲಿ ಯಾರೂ ಸಾಯಲು ಹೋದವರಲ್ಲ. ಎಲ್ಲರೂ ಸಂಜೆಗೆ ಮನೆಗೆ ಬರುತ್ತೇವೆ ಎಂದೇ ಹೊರಟವರು.

ಹಾಗಾದರೆ ಹೋಗಲೇಬಾರದೇ? ಹೋಗಬೇಕು. ವರ್ಷಪೂರ್ತಿ ಗಲ್ಲಾಪೆಟ್ಟಿಗೆ ಮುಂದೆ ಕುಂತ ಕಿರಾಣಿ ಅಂಗಡಿಯವರಿಗೂ, ಒಲೆ ಬಿಟ್ಟು ಹೊರಬೀಳದ ತಾಯಂದಿರಿಗೂ ಒಂದು ದಿನದ ಹಸಿರು ಬೇಕು. ಆದರೆ ಲೆಕ್ಕ ಹಾಕುವಾಗ ಕೊನೆಯಿಂದ ಹಾಕಬೇಕು. ಕತ್ತಲಾಗುವ ಮುಂಚೆ ಗುರುಮಠಕಲ್ ಬಸ್ ಸ್ಟ್ಯಾಂಡಿನಲ್ಲಿ ಇರಬೇಕಾದರೆ ನೀರಿನ ಹತ್ತಿರದಿಂದ ಎಷ್ಟಕ್ಕೆ ಏಳಬೇಕು? ಅದಕ್ಕೆ ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು? ದಾರಿ ನೂರು ಕಿಲೋಮೀಟರಿನ ಒಳಗೇ ಇದ್ದರೂ ಯಾದಗಿರಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು, ಆಮೇಲೆ ಹಳ್ಳಿ ದಾರಿ, ಕಡೀಕ ಕಾಲ್ನಡಿಗೆ. ಹೋದ ಕೂಡಲೇ ಊರವರನ್ನು ಕೇಳಬೇಕು, "ಯಣ್ಣಾ, ನಿನ್ನಿ ಮ್ಯಾಲ ಮಳಿ ಆಗ್ಯದೇನು?" ತಿಳಿ ನೀರು ಕೆಂಪಗಾಯಿತೋ, ಕಸಕಡ್ಡಿ ತೇಲಿ ಬಂತೋ, ಸಪ್ಪಳ ಹೆಚ್ಚಾಯಿತೋ, ಬುತ್ತಿ ಅಲ್ಲೇ ಬಿಟ್ಟಾದರೂ ದಂಡೆ ಏರಬೇಕು. ಪಾಚಿ ಬಂಡೆಯ ಮೇಲೆ ಚಪ್ಪಲಿ ನಡೆಯುವುದಿಲ್ಲ. ಶೀಸೆ ಹಿಡಿದು ಹೋದವನ ಕಾಲಂತೂ ಮೊದಲೇ ನಡೆಯುವುದಿಲ್ಲ. ಗುಡ್ಡದ ಸಂದಿಯಲ್ಲಿ ಫೋನು ಹತ್ತದಿದ್ದರೆ 112 ಇದ್ದೂ ಇಲ್ಲದಂತೆ. ಎಷ್ಟಕ್ಕೆ ಬರುತ್ತೇವೆಂದು ಮನೆಯಲ್ಲಿ ಹೇಳಿ ಹೋಗುವುದು ಜಾಣತನ.

ಇಷ್ಟು ಜನರ ಕೆಲಸ. ಇನ್ನು ದೊರೆಗಳ ಕೆಲಸ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಟಿಕೇಟಿನ ಚಿಂತೆ ಇಲ್ಲದೆ ಬಸ್ಸು ಹತ್ತುತ್ತಿದ್ದಾರೆ. ಆದರೆ ಟಿಕೇಟು ಪುಕ್ಕಟೆ ಆದರೆ ಸಾಲದು, ಹೊತ್ತಿಗೆ ಬಸ್ಸೂ ಇರಬೇಕು. ಹುಬ್ಬಳ್ಳಿಯಿಂದ ವಾಯವ್ಯ ಸಾರಿಗೆಯವರು ಮಳೆಗಾಲದಲ್ಲಿ ಜೋಗಕ್ಕೆ ವಿಶೇಷ ಬಸ್ಸು ಓಡಿಸಿ ತೋರಿಸಿದ್ದಾರೆ. ಕಲ್ಯಾಣ ಕರ್ನಾಟಕ ಸಾರಿಗೆಯವರೂ ಮಳೆಗಾಲದ ನಾಲ್ಕು ತಿಂಗಳು, ಐತವಾರಕ್ಕೊಂದು ಬಸ್ಸು, ಭೀಮರಾಯನಗುಡಿಯಿಂದ ಶಹಾಪುರ, ಯಾದಗಿರಿ ಮೇಲೆ ಜಲಪಾತದ ಹಾದಿಯವರೆಗೆ ಬಿಡಲಿ. ಬೆಳಿಗ್ಗೆ ಒಯ್ದ ಬಸ್ಸೇ ಸಂಜೆ ತಿರುಗಿ ತರಲಿ. ತಿರುಗಿ ಬರುವ ಬಸ್ಸು ಖಾತ್ರಿಯಾದರೆ ಕ್ರೂಸರಿನ ಟಾಪಿನ ಮೇಲೆ ಕುಂತು ಕತ್ತಲಲ್ಲಿ ಬರುವ ಪಾಡು ಯಾರಿಗೆ ಬೇಕು? ಜೋರು ಮಳೆಯ ಮುನ್ಸೂಚನೆ ಬಂದ ದಿನ ಬಸ್ಸೂ ಬೇಡ, ಜಲಪಾತವೂ ಬೇಡ ಎಂದು ಜಿಲ್ಲಾಡಳಿತ ಸ್ಟ್ಯಾಂಡಿನಲ್ಲೇ ಮೈಕಿನಲ್ಲಿ ಹೇಳಿಸಲಿ. ರಜೆಯ ದಿನ ನೀರಿನ ಬಳಿ ಊರಿನ ಇಬ್ಬರು ಈಜುಗಾರರನ್ನು ಕೂಲಿ ಕೊಟ್ಟು ನಿಲ್ಲಿಸಲಿ, ಕೈಯಲ್ಲಿ ಒಂದು ಹಗ್ಗ, ಒಂದು ಸೀಟಿ. ಇದಕ್ಕೆ ಕೋಟಿ ಅನುದಾನ ಬೇಕಿಲ್ಲ, ಬೆಂಗಳೂರಿಗೆ ಫೈಲು ಹೋಗಬೇಕಿಲ್ಲ.

ಒಂದು ಹೆಣ ಮೇಲೆತ್ತಿದ ಮೇಲೆ ಬರುವ ಜೀಪುಗಳ ಸಾಲು ಈ ಭಾಗದ ಜನರಿಗೆ ಹೊಸದಲ್ಲ. ಅದರ ಬದಲು ಒಂದು ಬಸ್ಸು ಮೊದಲೇ ಬರಲಿ.