ಮನೋರೋಗದ ಗುರುತು, ಮಾತ್ರೆಯ ತಿಳಿವಳಿಕೆ ಮನೆಯವರಿಗೆ ಕನ್ನಡದಲ್ಲಿ ಸಿಗಲಿ: ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ,
ಬೆಂಗಳೂರು.

ಇವರಿಂದ: ತಾಲ್ಲೂಕಿನ ಮನೋರೋಗಿಗಳು ಮತ್ತು ಅವರ ಆರೈಕೆ ಮಾಡುತ್ತಿರುವ ಮನೆಯವರು.

ವಿಷಯ: ಸಾಮಾನ್ಯ ಮನೋರೋಗಗಳನ್ನು ಗುರುತಿಸುವ ಬಗೆ ಹಾಗೂ ಅವುಗಳ ಔಷಧಿಗಳ ಮಾಹಿತಿಯನ್ನು ಕನ್ನಡದಲ್ಲಿ ಒದಗಿಸುವುದು, ಔಷಧಿ ಪೂರೈಕೆ ತಪ್ಪದಂತೆ ನೋಡಿಕೊಳ್ಳುವುದು.

ಮಾನ್ಯರೇ,

ನಮ್ಮೆಲ್ಲರ ಪರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಎರಡು ದಿನ ವಾಂತಿಭೇದಿಯಾಯಿತು. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಎತ್ತಿಕೊಂಡವನ ಕೈ ಎಷ್ಟು ನಡುಗಿತೆಂದರೆ ಅರ್ಧ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಮಾತು ತೊದಲುತ್ತಿತ್ತು. ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋದ. 'ಬೆಳ್ಳಂಬೆಳಿಗ್ಗೆಯೇ ಕುಡಿದಿದ್ದಾನೆ' ಎಂದರು ಬೀದಿಯವರು. ಒಂದು ಗಳಿಗೆ ನಾವೂ ಹಾಗೇ ಅಂದುಕೊಂಡೆವು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅವನು ಎಂಟು ವರ್ಷದಿಂದ ಮನೋರೋಗಕ್ಕೆ ಲಿಥಿಯಂ ಮಾತ್ರೆ ನುಂಗುತ್ತಿದ್ದಾನೆ. ಮೈಯಲ್ಲಿ ನೀರು, ಉಪ್ಪು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ ಎಂಬುದು ನಮಗೆ ತಿಳಿದದ್ದು ಅವನು ಐಸಿಯು ಸೇರಿದ ಮೇಲೆ. ಮೈಕೈ ನೋವೆಂದು ನಾನೇ ಅಂಗಡಿಯಿಂದ ತಂದುಕೊಟ್ಟ ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸುವಂಥದ್ದೇ. ಎಂಟು ವರ್ಷದ ಯಾವ ಚೀಟಿಯಲ್ಲೂ ಈ ಮಾತು ಇರಲಿಲ್ಲ. ತಮ್ಮ ಬದುಕಿ ಬಂದ.

ಇಂಥದ್ದು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಈ ಮನವಿ ಸಲ್ಲಿಸುತ್ತಿದ್ದೇವೆ. ಮಾತ್ರೆ ಕೊಡುವ ಕೈ ನಮ್ಮದು. ಆ ಮಾತ್ರೆ ಏನು, ಯಾವ ರೋಗಕ್ಕೆ, ಅದರಿಂದ ಏನಾದೀತು ಎಂಬುದು ನಮಗೆ ನಮ್ಮ ಭಾಷೆಯಲ್ಲಿ ತಿಳಿಯಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 22ನೇ ಸೆಕ್ಷನ್ ಇದನ್ನು ಹಕ್ಕೆಂದೇ ಹೇಳಿದೆ: ಕಾಯಿಲೆಯ ಸ್ವರೂಪ, ಚಿಕಿತ್ಸೆ, ಅದರ ಗೊತ್ತಿರುವ ಅಡ್ಡಪರಿಣಾಮಗಳನ್ನು ರೋಗಿಗೂ ಆತ ನಾಮನಿರ್ದೇಶನ ಮಾಡಿದ ಪ್ರತಿನಿಧಿಗೂ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ನಮ್ಮ ಕೈಗೆ ಬರುವುದು ಮಾತ್ರ '1-0-1' ಎಂದು ಗೀಚಿದ ಕಂದು ಕವರು. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕು ಕೊಟ್ಟಾಗ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ದಿನಾಂಕ ಇನ್ನೊಂದು ತುಂಡಿಗೆ ಹೋಗಿರುತ್ತದೆ. ಮನೆಯಲ್ಲಿ ಇವಕ್ಕೆಲ್ಲ ಒಂದೇ ಹೆಸರು: ನಿದ್ದೆ ಮಾತ್ರೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ, ಪ್ರತಿಯೊಂದು ಮನೋರೋಗದ ಔಷಧಿಯ ಜೊತೆಗೂ ದಪ್ಪಕ್ಷರದ, ಒಂದೇ ಪುಟದ ಕನ್ನಡದ ಚೀಟಿ. ಫ್ಲೂಆಕ್ಸೆಟಿನ್, ಎಸಿಟಲೊಪ್ರಾಮ್ ಕೊಟ್ಟವರಿಗೆ, ಖಿನ್ನತೆ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು ಎಂದು ಬರೆಯಲಿ. ಇಷ್ಟು ತಿಳಿಯದೆ ಐದನೇ ದಿನಕ್ಕೇ 'ಮದ್ದು ನಾಟಲಿಲ್ಲ' ಎಂದು ಬಿಟ್ಟವರು ನಮ್ಮಲ್ಲೇ ಹಲವರಿದ್ದಾರೆ. ಕ್ಲೊನಾಜೆಪಾಮ್, ಲೊರಾಜೆಪಾಮ್ ಕೆಲವೇ ವಾರಕ್ಕೆಂದು ಕೊಡುವಂಥವು, ವರ್ಷಗಟ್ಟಲೆ ನುಂಗಿದರೆ ಮೈ ಅದಕ್ಕೇ ಒಗ್ಗಿಬಿಡುತ್ತದೆ, ಹಾಗೆಂದು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು ಎಂಬುದನ್ನೂ ಬರೆಯಲಿ. ವಾಲ್ಪ್ರೋಯೇಟ್ ಬಗ್ಗೆ ಕೆಂಪು ಶಾಯಿಯಲ್ಲೇ ಅಚ್ಚಾಗಲಿ: ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ, ಮಿದುಳಿಗೆ ದೋಷ ತಟ್ಟುವ ಅಪಾಯವಿದೆ. ಮದುವೆಯಾಗಲಿರುವ ಹೆಣ್ಣುಮಗಳಿಗೆ ಇದನ್ನು ಮೊದಲೇ ಹೇಳಬೇಕಲ್ಲವೇ?

ಪಕ್ಕದ ಬೀದಿಯ ಒಬ್ಬ ಹುಡುಗಿಯ ಸಂಗತಿ ತಮ್ಮ ಗಮನಕ್ಕೆ ತರಲೇಬೇಕು. ಕಿವಿಯಲ್ಲಿ ಯಾರೋ ಬೈಯುವ ದನಿ ಕೇಳುತ್ತದೆಂದು ಹತ್ತಿ ತುರುಕಿಕೊಂಡು ಕೂರುತ್ತಿದ್ದ ಅವಳಿಗೆ ಹ್ಯಾಲೊಪೆರಿಡಾಲ್ ಶುರುವಾಯಿತು. ಎರಡನೇ ಸಂಜೆ ಕತ್ತು ಒಂದು ಕಡೆಗೆ ತಿರುಚಿಕೊಂಡಿತು, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಮನೆಯವರು 'ಗಾಳಿ ಮೆಟ್ಟಿಕೊಂಡಿದೆ' ಎಂದು ಬೇವಿನ ಸೊಪ್ಪು ಹಿಡಿದು ನಿಂತರು. ಅದು ಆ ಮಾತ್ರೆಯ ಎಲ್ಲರಿಗೂ ಗೊತ್ತಿರಬೇಕಾದ ಅಡ್ಡಪರಿಣಾಮ. ಪ್ರೊಮೆಥಜಿನ್‌ನ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ಸಡಿಲವಾಗುತ್ತದೆ. ಅವಳಿಗೆ ಅದು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಆಮೇಲೆ ಆ ಮನೆಯಲ್ಲಿ ಯಾರೂ ಮಾತ್ರೆಯ ಡಬ್ಬಿ ಮುಟ್ಟಲಿಲ್ಲ. ದನಿಗಳು ಮರಳಿ ಬಂದವು.

ಎರಡನೆಯದು, ರೋಗದ ಗುರುತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದಕ್ಕಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ನಮ್ಮದು ಸೇರಿಲ್ಲವಾದರೂ ನಮ್ಮ ಕಣ್ಣೆದುರಿನ ಸ್ಥಿತಿ ಬೇರೆಯಲ್ಲ. ಹಳ್ಳಿಯ ಹೆಂಗಸು 'ನನಗೆ ಖಿನ್ನತೆ' ಎಂದು ಹೇಳಿಕೊಂಡು ಬರುವುದಿಲ್ಲ. ತಲೆಭಾರ, ಸುಸ್ತು, ಮೈಯೆಲ್ಲ ನೋವು, ಊಟ ಸೇರುವುದಿಲ್ಲ ಎನ್ನುತ್ತಾಳೆ. ಗ್ಲೂಕೋಸ್ ಬಾಟಲಿ, ಬಿ-ಕಾಂಪ್ಲೆಕ್ಸ್ ಸೂಜಿ ಹಾಕಿಸಿಕೊಂಡು ಹೋಗುತ್ತಾಳೆ. ಎದೆ ಡವಡವ ಹೊಡೆದು ಸತ್ತೇಹೋದೆ ಎಂದು ಓಡಿಬಂದವನಿಗೆ ಇಸಿಜಿ ತೆಗೆದು 'ಏನೂ ಇಲ್ಲ ಹೋಗು' ಎಂದರೆ, ಅವನ ಆತಂಕದ ರೋಗಕ್ಕೆ ಹೆಸರೇ ಸಿಗಲಿಲ್ಲ. ಕೈ ತೊಳೆದು ತೊಳೆದು ಚರ್ಮ ಸುಲಿದುಕೊಂಡ ಸೊಸೆಯನ್ನು 'ಮಡಿವಂತೆ' ಎಂದು ಹೊಗಳುತ್ತಾರೆ, ಅದು ಗೀಳುರೋಗ. ನನ್ನ ತಮ್ಮ ನಾಲ್ಕು ರಾತ್ರಿ ನಿದ್ದೆಗೆಟ್ಟೂ ದಣಿಯದೆ, ಹಸು ಮಾರಿ ಸೈಟಿಗೆ ಅಡ್ವಾನ್ಸ್ ಕೊಟ್ಟುಬಂದಾಗ ನಾವು ಅವನನ್ನು ದುಂದುಗಾರ ಎಂದು ಬೈದೆವು. ಉನ್ಮಾದ ಎಂಬ ಪದ ಆಗ ನಮಗೆ ಗೊತ್ತಿರಲಿಲ್ಲ.

ಈ ಮನೆಮಾತುಗಳನ್ನೇ ಇಟ್ಟುಕೊಂಡು ಆಶಾ ಕಾರ್ಯಕರ್ತೆಯರಿಗೆ, ಶಾಲಾ ಶಿಕ್ಷಕರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡಿಸಬೇಕು. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯರಿಗೂ ಮೂಲಭೂತ ಮಾನಸಿಕ ಚಿಕಿತ್ಸೆಯ ತರಬೇತಿ ಆಗಬೇಕೆಂದು ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಇದು ಆಗದ ಕೆಲಸವೆಂದು ಕರ್ನಾಟಕದಲ್ಲಂತೂ ಯಾರೂ ಹೇಳುವಂತಿಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರು, ಆರೋಗ್ಯ ಕಾರ್ಯಕರ್ತರು ನಿಮ್ಹಾನ್ಸ್‌ನಿಂದ ಕಲಿತು ಇದೇ ಕೆಲಸ ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ ಬಳ್ಳಾರಿ. ದೇವಸ್ಥಾನ, ದರ್ಗಾಗಳ ಬಳಿಯೂ ಈ ಗುರುತಿನ ಫಲಕ ಇರಲಿ. ಜನ ಮೊದಲು ಹೋಗುವುದು ಅಲ್ಲಿಗೆ, ಅದನ್ನು ತಪ್ಪೆಂದು ನಾವು ಹೇಳುತ್ತಿಲ್ಲ. ಫಲಕದಲ್ಲಿ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ದೊಡ್ಡದಾಗಿ ಇರಲಿ.

ಇನ್ನು ಪೂರೈಕೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ತಜ್ಞರು ಬರುತ್ತಾರೆ, ನಮಗೆ ಅದು ದೊಡ್ಡ ಆಸರೆ. ಆದರೆ ನಮ್ಮಲ್ಲಿ ಚೀಟಿ ಸಿಕ್ಕಿಯೂ ಔಷಧಿ ಸಿಗದೆ ಮರಳಿದ ಮಂಗಳವಾರಗಳಿವೆ. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವವು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು. ಕನಿಷ್ಠ ಮೂರು ತಿಂಗಳ ದಾಸ್ತಾನು ಇರಬೇಕೆಂದೂ ಮುಗಿಯುವ ಮೊದಲೇ ಬೇಡಿಕೆ ಹೋಗಬೇಕೆಂದೂ ಆದೇಶವಾಗಲಿ. ಲಿಥಿಯಂ ಮಟ್ಟದ ಪರೀಕ್ಷೆಗೆ, ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು. ಅದಕ್ಕಾಗಿ ಕೂಲಿ ಬಿಟ್ಟು, ಬೆಳಗಿನ ಮಾತ್ರೆ ತಡೆದು, ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುತ್ತೇವೆ. ರಕ್ತವನ್ನು ತಾಲ್ಲೂಕಿನಲ್ಲೇ ತೆಗೆದು ಜಿಲ್ಲೆಗೆ ಕಳಿಸುವ ವ್ಯವಸ್ಥೆ ಮಾಡಿದರೆ ಸಾಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳೂ ಕ್ಲೊಜಪಿನ್ ತೆಗೆದುಕೊಳ್ಳುವವರ ಬಿಳಿರಕ್ತಕಣದ ಎಣಿಕೆಯೂ ಅದರಲ್ಲೇ ಸೇರಲಿ.

ಕೊನೆಯದಾಗಿ ಒಂದು ಕೋರಿಕೆ. ಚೀಟಿಯ ಕರಡು ಸಿದ್ಧವಾದಾಗ ಅಚ್ಚಿಗೆ ಕೊಡುವ ಮುನ್ನ ನಮ್ಮಂಥ ಮನೆಯವರಿಗೆ ಓದಿಸಿ ನೋಡಿ. ಓದು ಬಾರದ ತಾಯಂದಿರಿಗೆ ಯಾರಾದರೂ ಓದಿ ಹೇಳಲಿ, ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಅವರೇ ಹೇಳುತ್ತಾರೆ. ಕರೆದ ದಿನ ಬೆಂಗಳೂರಿಗೆ ಬರಲು ನಾವು ಸಿದ್ಧರಿದ್ದೇವೆ. ಮಂಗಳವಾರ ಮಾತ್ರ ಬೇಡ, ಅಂದು ನಾವೆಲ್ಲ ಆಸ್ಪತ್ರೆಯ ಸರದಿಯಲ್ಲಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತಾಲ್ಲೂಕಿನ ಮನೋರೋಗಿಗಳು ಮತ್ತು ಮನೆಯವರು
(ಸಹಿಗಳನ್ನು ಲಗತ್ತಿಸಿದೆ)