ಬೆಳೆಗೆ ಲೆಕ್ಕ ಕೇಳುವ ನಾವು ಮನೆಗೂ ಲೆಕ್ಕ ಕೇಳಬೇಕು



ನಮ್ಮೂರ ಕೆರೆ ಏರಿ ಇಳಿದು ಕಾಲೋನಿ ಕಡೆ ಹೋಗುವ ದಾರಿಯಲ್ಲಿ ಒಂದು ಮನೆ ಇದೆ. ಮನೆ ಅಂದರೆ ಬರೀ ನಾಲ್ಕು ಗೋಡೆ. ಅವು ಕಿಟಕಿ ಮಟ್ಟಕ್ಕೆ ಬಂದು ನಿಂತು ಮೂರು ಮಳೆಗಾಲ ಆಯಿತು. ಒಳಗೆ ಎಕ್ಕದ ಗಿಡ ಬೆಳೆದಿದೆ. ಪಕ್ಕದಲ್ಲಿ ತಗಡು ಹೊದಿಸಿದ ಗುಡಿಸಲು, ಅದರಲ್ಲಿ ಗಂಡ ಹೆಂಡತಿ, ಮೂರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ನಮ್ಮ ಹೊಲ ಗದ್ದೆಗೆ ಕೂಲಿಗೆ ಬರುವವರೇ. ರಾಗಿ ಕೊಯ್ಲಿಗೆ ಕರೆಯಲು ಹೋದಾಗ ಕೇಳಿದೆ: "ಯಾಕಪ್ಪಾ, ಸರ್ಕಾರದ ಮನೆ ಮಂಜೂರಾಯ್ತಲ್ಲ, ಮುಗಿಸೋಕೇನು?" ಅವನು ಹೇಳಿದ: "ಬಂದ ಕಂತು ತಳಪಾಯಕ್ಕೆ ಆಯ್ತು ಗೌಡ್ರೇ. ಗೋಡೆಗೆ ಸಂಘದ ಸಾಲ ತಗಂಡ್ವಿ. ಸೂರಾಗದೆ ಮುಂದಿನ ಕಂತು ಬರಾಕಿಲ್ಲ, ಕಂತು ಬರದೆ ಸೂರಾಗಾಕಿಲ್ಲ."

ಈ ಒಂದು ಮಾತಿನಲ್ಲಿ ವಸತಿ ಯೋಜನೆಗಳ ಪುರಾಣವೆಲ್ಲ ಇದೆ.

ಬಡವನಿಗೆ ಮನೆ ಕೊಡುತ್ತೇವೆ ಎಂಬ ಮಾತು ಹೊಸದೇನಲ್ಲ. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆ ಅಂದರು. 1985ರಲ್ಲಿ ಇಂದಿರಾ ಆವಾಸ್ ಬಂತು. 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಹುಟ್ಟಿತು. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಬಂತು. ಈ ಯೋಜನೆಗಳಿಂದ ಸಾವಿರಾರು ಕುಟುಂಬ ಸೂರು ಕಂಡಿವೆ, ಇಲ್ಲ ಅನ್ನಬಾರದು. ಆದರೆ ಹೆಸರು ಬದಲಾಯಿಸಲು ಪಟ್ಟ ಶ್ರಮದ ಕಾಲುಪಾಲನ್ನು ಲೆಕ್ಕ ಹಾಕಲು ಪಟ್ಟಿದ್ದರೆ ಕಾಲೋನಿ ದಾರಿಯ ಗೋಡೆ ಎಕ್ಕದ ಗಿಡಕ್ಕೆ ಆಸರೆ ಆಗುತ್ತಿರಲಿಲ್ಲ.

ಲೆಕ್ಕ ಏನು ನೋಡೋಣ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಹಳ್ಳಿಯ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಮನೆ 25 ಚದರ ಮೀಟರಿಗೆ ಕಡಿಮೆ ಇರಬಾರದು ಅಂತಲೂ ನಿಯಮ. ಅಂದರೆ ಸುಮಾರು 269 ಚದರ ಅಡಿ. ಭಾಗಿಸಿದರೆ ಒಂದು ಚದರ ಅಡಿಗೆ 446 ರೂಪಾಯಿ ಬೀಳುತ್ತದೆ. ಇಷ್ಟರಲ್ಲೇ ತಳಪಾಯ, ಇಟ್ಟಿಗೆ, ಸಿಮೆಂಟು, ಕಬ್ಬಿಣ, ಮರಳು, ಬಾಗಿಲು, ಗಾರೆಯವನ ಕೂಲಿ ಎಲ್ಲ ಆಗಬೇಕು. ಪರಿಶಿಷ್ಟರಿಗೆ ರಾಜ್ಯ ಒಂದಿಷ್ಟು ಹೆಚ್ಚು ಸೇರಿಸುತ್ತದೆ, ಅದೂ ಸಾಲದು. ಈ ದರಕ್ಕೆ ಬಾಡಿಗೆ ದನದ ಕೊಟ್ಟಿಗೆ ಕಟ್ಟಿಕೊಡುವ ಮೇಸ್ತ್ರಿ ಇದ್ದರೆ ವಿಧಾನಸೌಧದವರೇ ಕರೆತಂದು ತೋರಿಸಲಿ.

ಇದಕ್ಕಿಂತ ಸೋಜಿಗ ಇನ್ನೊಂದಿದೆ. 2016ರಲ್ಲಿ ಗೊತ್ತು ಮಾಡಿದ ಮೊತ್ತ ಇದು. 2024ರ ಆಗಸ್ಟಿನಲ್ಲಿ ಕೇಂದ್ರ ಇನ್ನೂ 2 ಕೋಟಿ ಮನೆಗೆ ಒಪ್ಪಿಗೆ ಕೊಟ್ಟಿತು. ಆಗಲೂ ಅದೇ 1 ಲಕ್ಷ 20 ಸಾವಿರ. ಎಂಟು ವರ್ಷದಲ್ಲಿ ಒಂದು ರೂಪಾಯಿ ಏರಲಿಲ್ಲ. ನಮ್ಮ ರಾಗಿಯ ಬೆಂಬಲ ಬೆಲೆ 2016-17ರಲ್ಲಿ ಕ್ವಿಂಟಾಲಿಗೆ 1,725 ಇತ್ತು, 2024-25ಕ್ಕೆ 4,290 ಆಯಿತು. ಭತ್ತ 1,470ರಿಂದ 2,300ಕ್ಕೆ ಬಂತು. ಅದು ಸಾಲದು, ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ದಲ್ಲಾಳಿ ಪಾಲಾಗುತ್ತದೆ ಎಂದು ನಾವು ಕೂಗುತ್ತಲೇ ಇದ್ದೇವೆ. ಆದರೂ ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕ ನೋಡುವ ಶಾಸ್ತ್ರವಾದರೂ ನಡೆಯುತ್ತದೆ. ಬಡವನ ಮನೆಗೆ ಆ ಶಾಸ್ತ್ರವೂ ಇಲ್ಲ.

ಹಾಗಾದರೆ ಕಡಿಮೆ ಬಿದ್ದ ದುಡ್ಡು ಎಲ್ಲಿಂದ ಬರುತ್ತೆ? ಸಾಲದಿಂದ. ಹೆಂಡತಿಯ ಓಲೆ ಮೊದಲು ಹೋಗುತ್ತದೆ, ಆಮೇಲೆ ವಾರದ ಕಂತಿನವರು ಬಾಗಿಲಿಗೆ ಬರುತ್ತಾರೆ. ಅವರ ಕಾಟ ಎಲ್ಲಿಗೆ ಮುಟ್ಟಿತೆಂದರೆ 2025ರಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಕೈಯಲ್ಲಿ ಅರ್ಧ ಮನೆ ಕೊಟ್ಟು ಸಾಲಕ್ಕೆ ನೂಕುವುದು, ಇನ್ನೊಂದು ಕೈಯಲ್ಲಿ ಸಾಲಗಾರನನ್ನು ಕಾಯುವುದು. ಇದಕ್ಕೆ ಆಡಳಿತ ಅನ್ನಬೇಕೋ, ನಾಟಕ ಅನ್ನಬೇಕೋ?

"ಕೂಲಿಯವರ ಮನೆ ಚಿಂತೆ ನಮಗ್ಯಾಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಚಿಂತೆ ನಮ್ಮದೂ ಹೌದು. ಎರಡೆಕರೆಯವನ ಮನೆಗೆ ಹೋಗಿ ನೋಡಿ, ಒಂದೇ ಸೂರಿನಡಿ ಅಣ್ಣತಮ್ಮಂದಿರ ಮೂರು ಒಲೆ. ಅವನು ಅರ್ಜಿ ಹಾಕಿದರೆ 2016ರ ನಿಯಮ ಅಡ್ಡ ಬರುತ್ತದೆ: 50 ಸಾವಿರ ಅಥವಾ ಅದಕ್ಕೂ ಮೇಲ್ಪಟ್ಟ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವನಿಗೆ ಮನೆ ಇಲ್ಲ. ನೋಡಿದಿರಾ? ಬ್ಯಾಂಕಿನಲ್ಲಿ ಬೆಳೆಸಾಲ ಮಾಡಿದವನು ಶ್ರೀಮಂತನಂತೆ! ಸಾಲವನ್ನು ಆಸ್ತಿ ಎಂದು ಬರೆದುಕೊಳ್ಳುವ ಗುಮಾಸ್ತರು ನಮ್ಮ ದೇಶದಲ್ಲಿ ಮಾತ್ರ ಸಿಗುತ್ತಾರೆ. ಇನ್ನು ಕೂಲಿಯವನ ಮಾತು. ಸೂರಿಲ್ಲದವನು ಊರಲ್ಲಿ ನಿಲ್ಲುವುದಿಲ್ಲ. ನಾಟಿಗೆ ಆಳು ಸಿಗಲ್ಲ ಎಂದು ಜಗಲಿ ಮೇಲೆ ಕೂತು ಗೊಣಗುವ ನಾವು, ಅವನು ಬೆಂಗಳೂರಿನ ಶೆಡ್ಡಿಗೆ ಯಾಕೆ ಹೋದ ಎಂದು ಕೇಳಿದ್ದೇವೆಯೇ?

ಮನಸ್ಸಿದ್ದರೆ ಮಾರ್ಗವಿದೆ. ಪಕ್ಕದ ಕೇರಳ ಲೈಫ್ ಮಿಷನ್ ಎಂಬ ಯೋಜನೆ ಮಾಡಿ ಒಂದು ಮನೆಗೆ 4 ಲಕ್ಷ ಕೊಡುತ್ತ ಬಂದಿದೆ. ಅಲ್ಲಿ ಪಂಚಾಯಿತಿಗಳೂ ತಮ್ಮ ಹಣದಿಂದ ಪಾಲು ಹಾಕುತ್ತವೆ. ಜಾಗವಿಲ್ಲದವರಿಗಾಗಿ, ಇರುವವರು ಒಂದಿಷ್ಟು ಮಣ್ಣು ಮನಸಾರೆ ಕೊಡಿ ಎಂದು 2021ರಲ್ಲಿ ಊರೂರಲ್ಲಿ ಕೇಳಲು ಹೊರಟರು.

ಜಾಗದ ವಿಷಯ ಬಂತು, ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. 1974ರ ಭೂಸುಧಾರಣೆ ತಿದ್ದುಪಡಿ, ಕೃಷಿ ಕೂಲಿಗಾರ ವಾಸವಿದ್ದ ಮನೆಯ ಜಾಗ ಅವನದೇ ಆಗಲಿ ಎಂದಿತು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಲೆಮಾರಿನಿಂದ ದಾಖಲೆ ಇಲ್ಲದೆ ಬದುಕಿದವರಿಗೆ ಹಕ್ಕು ಕೊಡಲು 2017ರಲ್ಲಿ ಅದೇ ಕಾಯ್ದೆಗೆ ಮತ್ತೆ ತಿದ್ದುಪಡಿ ಬಂತು. 2023ರ ಜನವರಿಯಲ್ಲಿ ಮಳಖೇಡದ ಒಂದೇ ಸಭೆಯಲ್ಲಿ 50 ಸಾವಿರ ಕುಟುಂಬಕ್ಕೆ ಹಕ್ಕುಪತ್ರ ಹಂಚಿದರು. ಪಕ್ಷ ಯಾವುದೇ ಇರಲಿ, ಆಗುವ ಕೆಲಸ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಉಳಿದ ಊರುಗಳಲ್ಲಿ ಗ್ರಾಮಠಾಣಾ ಅಜ್ಜನ ಕಾಲದ ಅಳತೆಯಲ್ಲೇ ಇದೆ, ಜನ ಮಾತ್ರ ಹೆಚ್ಚಿದ್ದಾರೆ. ನಿವೇಶನಕ್ಕೆ ಗೋಮಾಳ ಅಳೆಯಲು ಸರ್ವೆಯವರು ಬಂದಾಗ ಮೊದಲು ಅಡ್ಡ ನಿಲ್ಲುವವರು ಯಾರು? ದನಕ್ಕೆ ಮೇವಿಲ್ಲ ಎಂದು ಕೂಗುವವರಲ್ಲಿ ಗೋಮಾಳ ಒತ್ತಿ ಬೇಲಿ ಹಾಕಿದವರೂ ಇರುತ್ತಾರೆ. ನಾನೂ ಅಂಥ ಗುಂಪಿನಲ್ಲಿ ಒಮ್ಮೆ ನಿಂತಿದ್ದವನೇ. ಆ ಜಾಗಕ್ಕೆ ಅರ್ಜಿ ಹಾಕಿದ್ದವರು ಈಗ ಊರಲ್ಲಿಲ್ಲ. ನನ್ನ ಗದ್ದೆಗೆ ಆಳೂ ಇಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ಮನೆಯ ಮೊತ್ತವನ್ನು ಪ್ರತಿ ವರ್ಷ ಸಿಮೆಂಟು, ಕಬ್ಬಿಣ, ಕೂಲಿಯ ದರ ನೋಡಿ ಗೊತ್ತು ಮಾಡಬೇಕು. ಕೇಂದ್ರ ಏರಿಸದಿದ್ದರೆ ರಾಜ್ಯ ತುಂಬಬೇಕು. ಕಂತನ್ನು ಕೆಲಸಕ್ಕೆ ಮೊದಲೇ ಕೊಡಬೇಕು, ಸಾಲ ಮಾಡಿ ಕಟ್ಟಿದ ಮೇಲೆ ಫೋಟೋ ನೋಡಿ ಅಲ್ಲ. ಕಿಸಾನ್ ಕಾರ್ಡಿನ ನಿಯಮ ಹೋಗಬೇಕು. ಪ್ರತಿ ಪಂಚಾಯಿತಿಯೂ ನಿವೇಶನವಿಲ್ಲದವರ ಪಟ್ಟಿ ಮಾಡಿ, ಗ್ರಾಮಠಾಣಾ ವಿಸ್ತರಣೆಗೆ ಜಾಗ ಗುರುತಿಸಬೇಕು, ಸರ್ಕಾರಿ ಜಾಗ ಇಲ್ಲದ ಕಡೆ ಸರಿಯಾದ ಬೆಲೆ ಕೊಟ್ಟು ಕೊಳ್ಳಬೇಕು. ಖರ್ಚು ಇಳಿಸುವ ದಾರಿಯೂ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟಿದ್ದಾರೆ. ಪಂಚಾಯಿತಿಗೊಂದು ಅಂಥ ಯಂತ್ರ ಇಟ್ಟರೆ ಊರ ಮಣ್ಣು ಊರ ಗೋಡೆ ಆಗುತ್ತದೆ.

ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು ಎಂಬುದು ನಿಯಮ. ಆದರೆ ಆ ಸಭೆಗೆ ನಾವು ಹೋಗುವುದಿಲ್ಲ, ಪಟ್ಟಿ ಎಮ್ಮೆಲ್ಲೆ ಮನೆಯಲ್ಲಿ ತಯಾರಾಗುತ್ತದೆ, ಆಮೇಲೆ ಬೈಯುತ್ತೇವೆ. ಮುಂದಿನ ಗ್ರಾಮಸಭೆಗೆ ಎಲ್ಲರೂ ಹೋಗಿ. ಬೆಳೆಯ ಖರ್ಚಿನ ಲೆಕ್ಕ ಬರೆದಿಡುವ ಹಾಗೆ ಒಂದು ಮನೆಯ ಖರ್ಚಿನ ಲೆಕ್ಕವನ್ನೂ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಮನೆ ಬೇಡಿದವನು ಭಿಕ್ಷೆ ಬೇಡುತ್ತಿಲ್ಲ. ನಮ್ಮ ರಾಗಿ ಕೊಯ್ದ ಕೈಗೆ ಒಂದು ಸೂರು ಕೇಳುತ್ತಿದ್ದಾನೆ. ಅವನ ಗೋಡೆ ಕಿಟಕಿ ಮಟ್ಟದಲ್ಲಿ ನಿಂತಿರುವಷ್ಟು ದಿನ ನಮ್ಮ ಚಳವಳಿಯೂ ಅಲ್ಲಿಗೇ ನಿಂತಿದೆ ಎಂದು ತಿಳಿಯಿರಿ.