ಮರಗೆಣಸಿನ ಪಿಷ್ಟ: ಹೊಲದ ಮಗ್ಗುಲಿಗೇ ಗಿರಣಿ

ಉಪವಾಸದ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಸಾಬೂದಾಣಿಯ ಖಿಚಡಿಯಾಗುತ್ತದೆ. ದಕ್ಷಿಣದ ತಾಯಂದಿರು ಅದನ್ನೇ ಸಬ್ಬಕ್ಕಿಯೆಂದು ಕರೆದು ಪಾಯಸಕ್ಕೂ ಸಂಡಿಗೆಗೂ ಬಳಸುತ್ತಾರೆ. ಹೆಸರಿನಲ್ಲಿ ಅಕ್ಕಿಯಿದ್ದರೂ ಅದು ಧಾನ್ಯವಲ್ಲ; ಮರಗೆಣಸೆಂಬ ಗಡ್ಡೆಯ ಪಿಷ್ಟವನ್ನು ಹರಳುಗಟ್ಟಿಸಿ, ಹುರಿದು ಒಣಗಿಸಿದ ಪದಾರ್ಥ. ನಮ್ಮ ಅಂಗಡಿಗಳಿಗೆ ಬರುವ ಸಾಬೂದಾಣಿಯಲ್ಲಿ ಬಹುಪಾಲು ತಮಿಳುನಾಡಿನ ಸೇಲಂ, ನಾಮಕ್ಕಲ್ ಸುತ್ತಲಿನ ಗಿರಣಿಗಳದು.

ಸೇಲಂಗೆ ಈ ಉದ್ಯೋಗ ಒದಗಿದ ಬಗೆ ಸ್ವಾರಸ್ಯಕರವಾದುದು. ಮೊದಲು ಸಾಬೂದಾಣಿ ಮಲಯ, ಸಿಂಗಪುರಗಳಿಂದ ಹಡಗಿನಲ್ಲಿ ಬರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿತು. 1943ರಲ್ಲಿ ಸೇಲಂನ ವರ್ತಕ ಮಾಣಿಕ್ಕಂ ಚೆಟ್ಟಿಯಾರ್ ಹಾಗೂ ಪೆನಾಂಗ್‌ನಿಂದ ಬಂದಿದ್ದ ಪೋಪಟ್‌ಲಾಲ್ ಷಾ ಇಬ್ಬರೂ ಸೇರಿ ಮರಗೆಣಸಿನಿಂದಲೇ ಅದನ್ನು ತಯಾರಿಸತೊಡಗಿದರು. ಗಡ್ಡೆ ನೆರೆಯ ಕೇರಳದಲ್ಲಿ ಹೇರಳವಾಗಿತ್ತು. ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು 1880ರ ದಶಕದಲ್ಲೇ ಅದರ ಬೇಸಾಯಕ್ಕೆ ಪ್ರೋತ್ಸಾಹವಿತ್ತಿದ್ದರು. ಆಮದು ನಿಂತ ಕಷ್ಟಕಾಲವೇ ಒಂದು ಜಿಲ್ಲೆಯ ಅನ್ನದ ದಾರಿಯಾಯಿತು. 2023ರಲ್ಲಿ ಸೇಲಂ ಸಾಬೂದಾಣಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಪಿಷ್ಟದ ಉಪಯೋಗ ಅಡಿಗೆಮನೆಗಷ್ಟೇ ಸೀಮಿತವಲ್ಲ. ಮಗ್ಗಕ್ಕೇರುವ ನೂಲಿಗೆ ಗಂಜಿ ಹಾಕಲು, ಕಾಗದಕ್ಕೆ, ರಟ್ಟಿನ ಪೆಟ್ಟಿಗೆಯ ಅಂಟಿಗೆ, ಔಷಧದ ಗುಳಿಗೆಗೆ ಅದು ಬೇಕು. ತೆಗೆಯುವ ಕ್ರಮವೂ ಸರಳ. ಗಡ್ಡೆಯ ಸಿಪ್ಪೆ ಸುಲಿದು, ತೊಳೆದು, ತುರಿದು, ನೀರು ಬೆರೆಸಿ ಸೋಸಿದರೆ ಹಾಲಿನಂಥ ದ್ರವ ಇಳಿಯುತ್ತದೆ. ತೊಟ್ಟಿಯ ತಳದಲ್ಲಿ ತಂಗಿದ ಹಿಟ್ಟನ್ನು ಬಿಸಿಲಿಗೆ ಒಣಗಿಸುತ್ತಾರೆ. ಒಂದು ಟನ್ ಗಡ್ಡೆಯಿಂದ ಸುಮಾರು 200ರಿಂದ 250 ಕಿಲೋ ಪಿಷ್ಟ ದೊರೆಯುತ್ತದೆ. ಉಳಿದ ಚರಟ ದನದ ಮೇವಿಗಾಗುತ್ತದೆ.

ಈ ಬೆಳೆಯ ಗುಟ್ಟು ಅದರ ದೌರ್ಬಲ್ಯದಲ್ಲಿಯೇ ಇದೆ. ಕಿತ್ತ ಗಡ್ಡೆ ಎರಡು ಮೂರು ದಿನಗಳಲ್ಲಿ ಒಳಗೇ ಕಪ್ಪಿಟ್ಟು ಕೆಡುತ್ತದೆ. ದೂರದ ಪಟ್ಟಣದ ಕಾರ್ಖಾನೆಗೆ ಅದನ್ನು ಸಾಗಿಸಿ ಲಾಭ ಕಾಣುವುದು ದುಸ್ತರ. ಆದ್ದರಿಂದ ಗಿರಣಿಯೇ ಹೊಲದ ಬಳಿಗೆ ಬರಬೇಕಾಗುತ್ತದೆ. ಸುಲಿಯುವ, ಒಣಗಿಸುವ, ಜರಡಿ ಹಿಡಿಯುವ ಕೂಲಿ ಆ ಊರಿನ ಹೆಣ್ಣುಮಕ್ಕಳಿಗೂ ಗಂಡಾಳುಗಳಿಗೂ ಸೇರುತ್ತದೆ. ಗೋಕಾಕದಂಥ ಕಡೆ ಗೋವಿನಜೋಳದಿಂದಲೂ ಪಿಷ್ಟ ತೆಗೆದದ್ದುಂಟು. ಆದರೆ ಜೋಳ ಗೋದಾಮಿನಲ್ಲಿ ಕಾದೀತು, ಲಾರಿಯೇರಿ ಎಲ್ಲಿಗಾದರೂ ಹೋದೀತು. ಮರಗೆಣಸು ಕಾಯದು.

ಕಾಯದ ಮಾಲನ್ನು ಬೆಳೆದ ರೈತನೂ ಕಾಯಲಾರ, ಪೇಚಾಟವಿರುವುದು ಇಲ್ಲಿ. ಬೆಳೆ ಕೈಗೆ ಬರಲು ಎಂಟು ಹತ್ತು ತಿಂಗಳು ಬೇಕು. ಎಲ್ಲರೂ ಒಮ್ಮೆಲೇ ಕಿತ್ತರೆ ಧಾರಣೆ ಕುಸಿಯುತ್ತದೆ. ಗಡ್ಡೆಯಲ್ಲಿರುವ ಪಿಷ್ಟದ ಪ್ರಮಾಣ ನೋಡಿ ಬೆಲೆ ಕಟ್ಟುವ ರೂಢಿ ಸೇಲಂ ಸೀಮೆಯಲ್ಲಿದೆ. ಅಳೆಯುವವನೇ ಕೊಳ್ಳುವವನೂ ಆದರೆ ತಕ್ಕಡಿ ಯಾವ ಕಡೆ ವಾಲೀತೆಂಬುದನ್ನು ವಿವರಿಸಬೇಕಾಗಿಲ್ಲ. 1981ರಲ್ಲಿ ಅಲ್ಲಿ ‘ಸಾಗೋಸರ್ವ್’ ಎಂಬ ಸಹಕಾರ ಸಂಘ ಸ್ಥಾಪನೆಯಾಯಿತು. ಗಿರಣಿಯವರ ಮಾಲನ್ನು ಉಗ್ರಾಣದಲ್ಲಿರಿಸಿ, ಅದರ ಮೇಲೆ ಮುಂಗಡ ಕೊಟ್ಟು, ಟೆಂಡರ್ ಮೂಲಕ ಮಾರಿಸುವ ಏರ್ಪಾಡು ಮಾಡಿ ಅದು ದಲ್ಲಾಳಿಗಳ ಹಿಡಿತವನ್ನು ಸಡಿಲಿಸಿತು. ಮೆಚ್ಚತಕ್ಕ ಕೆಲಸವೇ ಸರಿ. ಆದರೆ ಅದು ತಯಾರಕರ ಸಂಘ, ಗಡ್ಡೆ ಬೆಳೆಯುವವರದಲ್ಲ. ಇನ್ನೊಂದು ಕಡೆ ಅದೇ ಕಟ್ಟಡ ಏಳುವುದಾದರೆ ರೈತನಿಗೂ ಅದರಲ್ಲಿ ಪಾಲಿರಬೇಕೆಂಬುದು ನನ್ನ ಅಭಿಪ್ರಾಯ.

ರೋಗ ಕೀಟಗಳ ಮಾತನ್ನೂ ಮರೆಯುವಂತಿಲ್ಲ. 2020ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಹೊಸ ಹಿಟ್ಟುತಿಗಣೆ ಸೇಲಂ, ನಾಮಕ್ಕಲ್‌ನ ತೋಟಗಳನ್ನೂ ಮುತ್ತಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಆಫ್ರಿಕದಿಂದ ಅದರ ಶತ್ರುವಾದ ಪುಟ್ಟ ಕಣಜವೊಂದನ್ನು ತರಿಸಿ, 2022ರಲ್ಲಿ ಸೇಲಂ ಸೀಮೆಯ ಹೊಲಗಳಿಗೆ ಬಿಟ್ಟರು.

ನಮ್ಮ ಕರಾವಳಿ, ಮಲೆನಾಡುಗಳಲ್ಲಿಯೂ ಮರಗೆಣಸು ಕಾಣುತ್ತದೆ. ಹೆಚ್ಚಾಗಿ ಬೇಯಿಸಿ ತಿನ್ನುವುದಕ್ಕೆ. ಅಂಥ ಕಡೆ ಪಿಷ್ಟದ ಆಸೆಯಿಂದ ನಾಟಿಗೆ ಕೈಹಾಕುವವರು ಮೊದಲು ಕೇಳಬೇಕಾದದ್ದು ಗಿರಣಿ ಎಷ್ಟು ಹರದಾರಿ ದೂರ, ಬೆಲೆ ಬರವಣಿಗೆಯಲ್ಲಿದೆಯೇ ಎಂಬುದನ್ನು. ಗಿರಣಿ ಹಾಕುವವರು ನೀರಿನ ಲೆಕ್ಕವನ್ನೂ ಒಪ್ಪಿಸಬೇಕು. ಪಿಷ್ಟ ತೊಳೆದ ನೀರು ಹುಳಿಯಾಗಿ ನಾರುತ್ತದೆ, ಸಿಪ್ಪೆಯಲ್ಲಿನ ಸಯನೈಡಿನ ಅಂಶವೂ ಅದರಲ್ಲಿ ಸೇರುತ್ತದೆ. ಹಾಗೆಯೇ ಹರಿಯಬಿಟ್ಟರೆ ಕೆಳಗಿನವರ ಬಾವಿ ಕೆಡುತ್ತದೆ. ಸೇಲಂನ ಹಲವು ಗಿರಣಿಗಳು ಅದೇ ನೀರಿನಿಂದ ಜೈವಿಕ ಅನಿಲ ಮಾಡಿ, ಉರುವಲಿನ ಖರ್ಚನ್ನೂ ಉಳಿಸಿಕೊಂಡಿವೆ. ಆ ತೊಟ್ಟಿಯ ವೆಚ್ಚವನ್ನು ಮೊದಲ ದಿನದ ಬಂಡವಾಳದಲ್ಲಿಯೇ ಸೇರಿಸಿ ಲೆಕ್ಕ ಹಾಕತಕ್ಕದ್ದು.